ಮರಳದ ಟೇಕ್

ಪ್ರಶ್ನೆ: ಎರಡು ಚಿತ್ರಗಳ ಸೆಟ್ಟಿನಲ್ಲಿ ಸಹಾಯಕನಾಗಿ ಕ್ಲಾಪ್ ಬೋರ್ಡ್ ಹಿಡಿದಿದ್ದೇನೆ. ಮೊನ್ನೆ ಸಂಗೀತ ಕಾರ್ಯಕ್ರಮವೊಂದನ್ನು ಚಿತ್ರೀಕರಿಸಿದಾಗ ಬೆಳಕು ಮಿಣುಕಿತು, ಧ್ವನಿಯೂ ಒಡೆಯಿತು. ತಪ್ಪಿದ್ದೆಲ್ಲಿ?
— ಓದುಗ, ಮೈಸೂರು

ಉತ್ತರ: ಸೆಟ್ಟಿನಲ್ಲಿ ತಪ್ಪಿದರೆ ಮತ್ತೊಂದು ಟೇಕ್ ಉಂಟು, ಗಾಯಕರು ತಾರಸ್ಥಾಯಿಗೆ ಏರಿದ ಕ್ಷಣ ಮರಳದು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಹಲವು ದೀಪಗಳ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ; ಸೆಕೆಂಡಿಗೆ 24 ಫ್ರೇಮ್‌ಗಳಲ್ಲಿ ಚಿತ್ರೀಕರಿಸುವಾಗ ಷಟರನ್ನು (ಪ್ರತಿ ಫ್ರೇಮಿಗೂ ಬೆಳಕು ಒಳಬಿಡುವ ಅವಧಿ; ಇದನ್ನು ಕೋನದಲ್ಲೂ ಅಳೆಯುತ್ತಾರೆ) ರೂಢಿಯ 180 ಡಿಗ್ರಿಯ ಬದಲು 172.8ಕ್ಕೆ, ಅಂದರೆ ಸೆಕೆಂಡಿನ 50ನೇ ಒಂದು ಭಾಗಕ್ಕೆ ಇಟ್ಟರೆ ಈ ಮಿಣುಕು ಬಹುಮಟ್ಟಿಗೆ ನಿಲ್ಲುತ್ತದೆ. ಎಲ್‌ಇಡಿ ಪರದೆಗಳದು ಬೇರೆಯೇ ಹಟ. ಅವನ್ನು ಮೊದಲೇ ಪರೀಕ್ಷಿಸಿಕೊಳ್ಳಿ. ಧ್ವನಿಯನ್ನು ಕ್ಯಾಮೆರಾದ ಮೈಕಿಗೆ ಬಿಡದೆ, ವೇದಿಕೆಯ ಮೈಕುಗಳ ಧ್ವನಿಯನ್ನು ಕೂಡಿಸುವ ಮಿಕ್ಸರ್‌ನಿಂದ ಪ್ರತ್ಯೇಕ ರೆಕಾರ್ಡರಿಗೆ ಪಡೆಯಿರಿ. ಎಲ್ಲ ಕ್ಯಾಮೆರಾಗಳಿಗೂ ಕಾಣುವಂತೆ ಆರಂಭದಲ್ಲೊಮ್ಮೆ ನಿಮ್ಮ ಹಳೆಯ ಕ್ಲಾಪ್ ಹೊಡೆದು, ನಡುವೆ ಚಿತ್ರೀಕರಣ ನಿಲ್ಲಿಸದಿದ್ದರೆ, ಚಿತ್ರಕ್ಕೆ ಧ್ವನಿಯನ್ನು ಹೊಂದಿಸುವುದು ಸುಲಭವಾಗಿ ಸಂಕಲನಕಾರರು ನಿಮ್ಮನ್ನು ಹರಸುತ್ತಾರೆ.