1974ರ ಎಂಜಿಬಿ ತಗೊಳ್ಳೋದಾ, 1975ರದ್ದಾ?

ನೀವು ಕೇಳಿರೋದು, ವಿರಾಜಪೇಟೆಯಿಂದ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ ಸೆಟ್ಲ್ ಆಗಿದೀನಿ, ಎಂಜಿಬಿ ಅನ್ನೋ ಬ್ರಿಟನ್ನಿನ ಹಳೇ ಸ್ಪೋರ್ಟ್ಸ್ ಕಾರಲ್ಲಿ 74ರ ಕ್ರೋಮ್ ಬಂಪರ್‌ದು ಒಂದು, 75ರ ರಬ್ಬರ್ ಬಂಪರ್‌ದು ಒಂದು ನೋಡಿದೀನಿ, ಒಂದೇ ವರ್ಷದ ವ್ಯತ್ಯಾಸಕ್ಕೆ ಕ್ರೋಮ್‌ದಕ್ಕೆ ಅಷ್ಟು ಜಾಸ್ತಿ ದುಡ್ಡು ಯಾಕೆ ಕೊಡ್ಬೇಕು ಅಂತ ಅಲ್ವಾ. ನಾನೀಗ ಸುಂಟಿಕೊಪ್ಪದ ಹತ್ರ ಕಾಫಿ ತೋಟ ನೋಡ್ಕೊಂಡಿದೀನಿ, ಆದ್ರೆ ಇಂಗ್ಲೆಂಡಲ್ಲಿ ಆರು ವರ್ಷ ಇದ್ದಾಗ ನನ್ನ ಹತ್ರ ಇದ್ದಿದ್ದು 75ರ ರಬ್ಬರ್ ಬಂಪರ್ ಗಾಡೀನೇ, ಫ್ರೆಂಡ್ ಹತ್ರ ಕ್ರೋಮ್‌ದು, ಭಾನುವಾರ ಬಂದ್ರೆ ಕೀ ಅದಲು ಬದಲು ಮಾಡ್ಕೊಂಡು ಓಡಿಸ್ತಿದ್ವಿ.

ಬಂಪರ್ ಚೆಂದಾನೋ ಇಲ್ವೋ ಅನ್ನೋದು ಬಿಡಿ, ತೊಂದ್ರೆ ಇರೋದು ಎತ್ತರದಲ್ಲಿ. 1974ರ ಕೊನೆ ಹೊತ್ತಿಗೆ ಅಮೆರಿಕದ ರೂಲ್ಸಿಗೋಸ್ಕರ ಆ ದಪ್ಪ ಕಪ್ಪು ಬಂಪರ್ ಬಂತು, ಹೆಡ್‌ಲೈಟ್ ಎತ್ತರ ಸಾಲಲ್ಲ ಅಂತ ಇಡೀ ಗಾಡೀನೇ ಒಂದು-ಒಂದೂವರೆ ಇಂಚು ಮೇಲೆತ್ತಿದ್ರು, ಸಾಲದ್ದಕ್ಕೆ ಖರ್ಚು ಉಳಿಸೋಕೆ ತಿರುವಲ್ಲಿ ಗಾಡಿ ವಾಲದ ಹಾಗೆ ತಡೆಯೋ ಕಬ್ಬಿಣದ ಸರಳು, ಅಂದ್ರೆ ಮುಂದಿನ ಆಂಟಿ ರೋಲ್ ಬಾರನ್ನೂ ತೆಗೆದುಬಿಟ್ರು. ಮೂಟೆ ಹೇರ್ಕೊಂಡ ಜೀಪು ಸಂಪಾಜೆ ಘಾಟಿ ಇಳಿಯುವಾಗ ತಿರುವಲ್ಲಿ ವಾಲುತ್ತಲ್ಲ, ರೌಂಡಬೌಟಲ್ಲಿ ನನ್ನ ಗಾಡಿ ಥೇಟ್ ಹಂಗೆ. ಫ್ರೆಂಡ್ ಗಾಡಿ ಅದೇ ಸ್ಪೀಡಲ್ಲಿ ನೆಲಕ್ಕೆ ಅಂಟ್ಕೊಂಡು ಹೋಗೋದು. 1976ರಲ್ಲಿ ಕಂಪನಿಯವ್ರೇ ಬಾರ್ ವಾಪಸ್ ಹಾಕಿದ್ರು, ಹಿಂದಕ್ಕೂ ಒಂದು ಸೇರಿಸಿ. ನಾನೂ ಮುಂದೆ ಬಾರು, ಗಿಡ್ಡ ಸ್ಪ್ರಿಂಗು, ಹಿಂದೆ ಗಾಡಿ ತಗ್ಗಿಸೋ ಲೋವರಿಂಗ್ ಬ್ಲಾಕು ಹಾಕಿಸಿದ ಮೇಲೆ ಮುಕ್ಕಾಲು ಪಾಲು ಸರಿ ಹೋಯ್ತು.

ಎಂಜಿನ್ ಎರಡರಲ್ಲೂ ಅದೇ 1798 ಸಿಸಿ, ಬ್ರಿಟನ್ ಗಾಡಿಗೆ ಪೆಟ್ರೋಲು-ಗಾಳಿ ಬೆರೆಸಿ ಕೊಡೋಕೆ ಎಸ್‌ಯು ಕಂಪನಿಯ ಕಾರ್ಬ್ಯುರೇಟರ್ ಎರಡು. ಅಮೆರಿಕಕ್ಕೆ ಹೋಗಿ ವಾಪಸ್ ಬಂದ 75ರದ್ದಾದ್ರೆ ಬೇಡ, ಅದಕ್ಕೆ ಒಂದೇ ಸ್ಟ್ರಾಂಬರ್ಗ್ ಕಾರ್ಬ್ಯುರೇಟರು, ಏರಲ್ಲಿ ಏದುಸಿರು ಬಿಡುತ್ತೆ.

75ರದ್ದಕ್ಕೂ ಒಂದು ಸುಖ ಇದೆ ಅನ್ನಿ. ಕ್ರೋಮ್ ಗಾಡಿಗೆ ಸೀಟಿನ ಹಿಂದೆ, ಕಾರ್ಪೆಟ್ ಕೆಳಗೆ ಒಂದು ಮುಚ್ಚಳ ಇರುತ್ತೆ, ಅದರೊಳಗೆ 6 ವೋಲ್ಟಿನ ಬ್ಯಾಟರಿ ಎರಡು. ಒಂದ್ಸಲ ಮಳೇಲಿ ಅದರಲ್ಲೊಂದು ಕೈ ಕೊಟ್ಟು, ನಾನು ಬಾಯಲ್ಲಿ ಟಾರ್ಚ್ ಕಚ್ಕೊಂಡು, ಮಂಡಿ ಊರಿ, ಕಾಣದ ಟರ್ಮಿನಲ್ ತಡಕಾಡಿದ್ದು ಇನ್ನೂ ನೆನಪಿದೆ. 75ರದ್ದಕ್ಕೆ 12 ವೋಲ್ಟಿಂದು ಒಂದೇ.

ಆದ್ರೆ ಇವೆಲ್ಲಕ್ಕಿಂತ ಮೊದ್ಲು ತುಕ್ಕು ನೋಡಿ. ಓಪನ್ ಗಾಡೀಲಿ ಬಾಗಿಲ ಕೆಳಗಿನ ಸಿಲ್ ಅಂದ್ರೆ ಬೆನ್ನುಮೂಳೆ. ಜ್ಯಾಕ್ ಕೊಟ್ಟು ಒಂದು ಕಡೆ ಎತ್ತಿ, ಬಾಗಿಲಿನ ಸಂದಿ ಕಿರಿದಾಗ್ತಾ ಬಂದ್ರೆ, ಬಾಗಿಲು ಹಾಕೋಕೆ ತೆಗೆಯೋಕೆ ಬಿಗಿ ಆದ್ರೆ ಒಳಗೆಲ್ಲ ಪುಡಿಪುಡಿ ಅಂತ, ಕ್ರೋಮ್ ಎಷ್ಟೇ ಹೊಳೀಲಿ ಸುಮ್ನೆ ನಮಸ್ಕಾರ ಹೇಳಿ ಬನ್ನಿ. ಸಿಲ್ ಗಟ್ಟಿ ಇರೋ ರಬ್ಬರ್ ಬಂಪರ್ ಕಮ್ಮಿಗೆ ಸಿಕ್ರೆ ನಾನಂತೂ ಕಣ್ಮುಚ್ಚಿ ಅದನ್ನೇ ತಗೋತೀನಿ. ಎರಡೂ ಗಟ್ಟಿ ಇದ್ದು ಜೇಬೂ ಗಟ್ಟಿ ಇದ್ರೆ ಕ್ರೋಮು.

ಇನ್ನೊಂದು, ಪೇಪರಲ್ಲಿ 1974 ಅಂತ ಇದ್ದ ಮಾತ್ರಕ್ಕೆ ಕ್ರೋಮ್ ಅಂದ್ಕೋಬೇಡಿ, ಆ ವರ್ಷದ ಕೊನೇಲಿ ತಯಾರಾದ ಗಾಡಿಗಳು ರಬ್ಬರೇ. ಕೆಲವ್ರು ರಬ್ಬರ್ ಕಿತ್ತು ಕ್ರೋಮ್ ಹಾಕಿ ಮಾರೋದೂ ಉಂಟು, ಹಾಗಾಗಿ ಸೀಟಿನ ಹಿಂದಿನ ಮುಚ್ಚಳ ಒಂದ್ಸಲ ಎತ್ತಿ, ಬ್ಯಾಟರಿ ಎರಡೋ ಒಂದೋ ಅಂತ ನೋಡಿ.