ಮೂರು ಹೆಣ್ಣಾದ ಮೇಲೆ ಗಂಡಿನ ಸರದಿಯೇ?

ಜಮಖಂಡಿ ತಾಲ್ಲೂಕಿನ ಓದುಗರೊಬ್ಬರು ಎರಡು ಹಾಳೆ ತುಂಬ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರಿಗೆ ಮೂವರು ಹೆಣ್ಣುಮಕ್ಕಳು. ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಎಂದರೆ ಅತ್ತೆ ಬಿಡುತ್ತಿಲ್ಲ. "ಮೂರೂ ಹೆಣ್ಣಾದವು, ಇನ್ನ ಗಂಡಿನ ಸರದಿ" ಎನ್ನುತ್ತಾರಂತೆ. ಗಂಡ ಡಿಗ್ರಿ ಓದಿದವರು. ಅವರು ಲೆಕ್ಕವನ್ನೇ ಹಾಕಿ ತೋರಿಸಿದ್ದಾರೆ: ನಾಲ್ಕೂ ಹೆಣ್ಣಾಗುವ ಸಾಧ್ಯತೆ 16ರಲ್ಲಿ 1, ಹಾಗಾದರೆ ಈ ಸಲ ಗಂಡಾಗುವ ಸಾಧ್ಯತೆ 16ರಲ್ಲಿ 15. ಪಕ್ಕದೂರಿನಲ್ಲಿ ಒಬ್ಬರು ಇದಕ್ಕೆ ಔಷಧವನ್ನೂ ಕೊಡುತ್ತಾರೆ. ಐದು ಸಾವಿರ ರೂಪಾಯಿ, ಹೆಣ್ಣಾದರೆ ದುಡ್ಡು ವಾಪಸ್. "ಈ ಲೆಕ್ಕ ಖರೇನಾ, ನೀವೇ ಹೇಳ್ರಿ" ಎಂಬುದು ಅವರ ಪ್ರಶ್ನೆ.

ತಂಗೀ, ನಿಮ್ಮ ಯಜಮಾನರ ಲೆಕ್ಕದಲ್ಲಿ ಮೊದಲ ಅರ್ಧ ಸರಿ ಇದೆ. ಇನ್ನೂ ಒಂದು ಮಗುವೂ ಆಗದ ಜೋಡಿಗೆ ನಾಲ್ಕೂ ಹೆಣ್ಣೇ ಆಗುವ ಸಾಧ್ಯತೆ ಹೆಚ್ಚುಕಡಿಮೆ 16ರಲ್ಲಿ 1. ಆದರೆ ನೀವು ಆ ಜೋಡಿ ಅಲ್ಲವಲ್ಲ! ನಾಲ್ಕು ಮಕ್ಕಳಿರುವ 16 ಮನೆ ಇವೆ ಅಂದುಕೊಳ್ಳಿ. ಸರಾಸರಿ ಲೆಕ್ಕದಲ್ಲಿ ಅವುಗಳ ಪೈಕಿ 14 ಮನೆಗಳಲ್ಲಿ ಮೊದಲ ಮೂರರೊಳಗೇ ಒಂದಾದರೂ ಗಂಡು ಹುಟ್ಟಿರುತ್ತದೆ. ಆ 14 ಮನೆಗೂ ನಿಮಗೂ ಈಗ ಸಂಬಂಧವಿಲ್ಲ. ಮೂರೂ ಹೆಣ್ಣಾದ ಮನೆ ಉಳಿಯುವುದು ಎರಡೇ. ಒಂದರಲ್ಲಿ ನಾಲ್ಕನೆಯದು ಗಂಡು, ಇನ್ನೊಂದರಲ್ಲಿ ಹೆಣ್ಣು. ಅಂದರೆ ನಿಮ್ಮ ಮುಂದಿರುವುದು ಅರ್ಧಕ್ಕರ್ಧ. ಮೊದಲ ಬಾಣಂತನದ ಹೊತ್ತಿಗೆ ಎಷ್ಟಿತ್ತೋ ಅಷ್ಟೇ. ಮೂರು ಸಲ ಟಾಸ್ ಸೋತ ಕ್ಯಾಪ್ಟನ್‌ಗೆ ನಾಲ್ಕನೇ ಸಲ ನಾಣ್ಯ ರಿಯಾಯಿತಿ ಕೊಡುವುದಿಲ್ಲ.

ಇದು ನಿಮ್ಮ ಮನೆಯವರೊಬ್ಬರೇ ಮಾಡುವ ತಪ್ಪಲ್ಲ, ಬೇಜಾರಾಗಬೇಡಿ. ಫ್ರಾನ್ಸ್‌ನ ಗಣಿತಜ್ಞ ಲಾಪ್ಲಾಸ್ 1814ರಲ್ಲೇ ಇಂಥವರ ಬಗ್ಗೆ ಬರೆದಿದ್ದ. ಮಗ ಬೇಕೆಂದು ಕಾಯುತ್ತಿದ್ದ ಗಂಡಸರು, ಆ ತಿಂಗಳು ಊರಲ್ಲಿ ಬೇರೆಯವರಿಗೆ ಗಂಡು ಹುಟ್ಟಿದ ಸುದ್ದಿ ಕೇಳಿದರೆ ಚಿಂತೆಗೆ ಬೀಳುತ್ತಿದ್ದರಂತೆ. ಗಂಡೆಲ್ಲ ಖರ್ಚಾಗಿ ತಮ್ಮ ಪಾಲಿಗೆ ಹೆಣ್ಣು ಉಳಿದೀತು ಎಂಬ ಭಯ! ಅಂಥವರ ಮುಂದೆ ನಿಮ್ಮತ್ತೆಯವರ ಸರದಿಯ ಮಾತು ಎಷ್ಟೋ ವಾಸಿ.

ಅರ್ಧಕ್ಕರ್ಧ ಎನ್ನುವುದೂ ಪೂರ್ತಿ ಕರಾರುವಾಕ್ಕಲ್ಲ. ಯಾರೂ ಕೈಹಾಕದೆ ಬಿಟ್ಟರೆ 100 ಹೆಣ್ಣಿಗೆ ಸುಮಾರು 105 ಗಂಡು ಹುಟ್ಟುತ್ತವೆ. ಗಂಡಿನ ಸಾಧ್ಯತೆ ಶೇ 51ರ ಆಸುಪಾಸು ಎಂದಾಯಿತು. ಇನ್ನೊಂದು ವಿಷಯ. ಅಮೆರಿಕದ ನರ್ಸ್‌ಗಳ ಕುಟುಂಬಗಳನ್ನು ನೋಡಿದ ಒಂದು ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಮೂರು ಹೆಣ್ಣಾದವರಿಗೆ ಮುಂದಿನದೂ ಹೆಣ್ಣೇ ಆಗುವ ಸಾಧ್ಯತೆ ಶೇ 58ರಷ್ಟು. ಇದಕ್ಕೆ ಹೊಂದದ ಅಧ್ಯಯನಗಳೂ ಇವೆ, ಹಾಗಾಗಿ ಇದನ್ನೇ ಹಿಡಿದು ಕೂರಬೇಡಿ. ಆದರೆ ಲೆಕ್ಕ ವಾಲುವುದೇ ನಿಜವಾದರೆ ಅದು ಹೆಣ್ಣಿನ ಕಡೆಗೇ ವಾಲುತ್ತದೆ, ನಿಮ್ಮತ್ತೆ ಹೇಳುವ ಕಡೆಗಲ್ಲ.

ಇನ್ನು ಔಷಧದ ಮಾತು. ಈ ವ್ಯಾಪಾರದ ಜಾಣತನ ಮೆಚ್ಚಬೇಕು. 100 ಜನ ಐದೈದು ಸಾವಿರ ಕೊಟ್ಟರೆ ಐದು ಲಕ್ಷ. ಸುಣ್ಣದ ನೀರು ಕುಡಿಸಿದರೂ ಸುಮಾರು 51 ಮನೆಯಲ್ಲಿ ಗಂಡು ಹುಟ್ಟುತ್ತದೆ. ಉಳಿದ 49 ಜನರಿಗೆ ಪ್ರಾಮಾಣಿಕವಾಗಿ ದುಡ್ಡು ವಾಪಸ್ ಕೊಟ್ಟ ಮೇಲೂ ಎರಡೂವರೆ ಲಕ್ಷ ಕೈಯಲ್ಲಿ. ಗಂಡಾದವರು ಕುಬಸ, ಮದುವೆ, ಸಂತೆ ಎಲ್ಲ ಕಡೆ ಹೇಳಿಕೊಂಡು ತಿರುಗುತ್ತಾರೆ. ಹೆಣ್ಣಾದವರು ದುಡ್ಡು ಬಂತಲ್ಲ ಎಂದು ಸುಮ್ಮನಾಗುತ್ತಾರೆ.

ದುಡ್ಡಷ್ಟೇ ಹೋಗುವುದಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಗಂಡೋ ಹೆಣ್ಣೋ ಎಂಬುದು ಗರ್ಭ ನಿಲ್ಲುವ ಗಳಿಗೆಯಲ್ಲೇ ತೀರ್ಮಾನವಾಗಿರುತ್ತದೆ. ಎರಡನೇ ತಿಂಗಳಲ್ಲಿ ನುಂಗಿದ ಯಾವ ಪುಡಿಯೂ ಅದನ್ನು ಬದಲಿಸುವುದಿಲ್ಲ. ಹರಿಯಾಣದಲ್ಲಿ ಇಂಥದೇ ಔಷಧ ತಿಂದವರನ್ನು ಅಧ್ಯಯನ ಮಾಡಿದಾಗ ಅಂಗದೋಷವಿರುವ ಮಕ್ಕಳು, ಹೊಟ್ಟೆಯಲ್ಲೇ ಸತ್ತು ಹುಟ್ಟುವ ಕೂಸುಗಳು ಜಾಸ್ತಿ ಕಂಡವು. ದಯವಿಟ್ಟು ಅದನ್ನು ಬಾಯಿಗೆ ಹಾಕಬೇಡಿ.

ಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ "ನನ್ನಲ್ಲೇ ದೋಷ ಇರಬಹುದಾ" ಎಂದು ಕೇಳಿದ್ದೀರಿ. ಇಲ್ಲ. ತಾಯಿಯ ಅಂಡದಲ್ಲಿ ಯಾವಾಗಲೂ ಎಕ್ಸ್ ವರ್ಣತಂತುವೇ ಇರುವುದು. ಎಕ್ಸ್ ಅಥವಾ ವೈ ಬರುವುದು ತಂದೆಯ ವೀರ್ಯಾಣುವಿನಿಂದ. ವೈ ಬಂದರೆ ಗಂಡು. ಇದರ ಮೂಲವನ್ನು ನೆಟ್ಟಿ ಸ್ಟೀವನ್ಸ್ ಎಂಬ ಮಹಿಳೆ 1905ರಲ್ಲಿ, ಹಿಟ್ಟಿನ ಹುಳುಗಳನ್ನು ಸೂಕ್ಷ್ಮದರ್ಶಕದಡಿ ನೋಡಿ ಕಂಡುಹಿಡಿದಳು. ಹಾಗಂತ ನಿಮ್ಮ ಯಜಮಾನರ ತಪ್ಪೂ ಅಲ್ಲ. ಯಾವುದು ಮೊದಲು ಮುಟ್ಟಬೇಕು ಎಂದು ಅವರೇನೂ ಹೇಳಿ ಕಳಿಸಿರುವುದಿಲ್ಲ.

ಮುಂದೆ ಯಾರಾದರೂ ಸ್ಕ್ಯಾನಿಂಗ್ ಮಾತು ತೆಗೆದರೆ ಒಂದು ಕಾನೂನು ನೆನಪಿರಲಿ. ಭ್ರೂಣದ ಲಿಂಗ ಪತ್ತೆ ಮಾಡುವುದು, ಹೇಳುವುದು, ಮಾಡಿಸಲು ಹೋಗುವುದು ಎಲ್ಲವೂ 1994ರ ಕಾಯ್ದೆಯಲ್ಲಿ ಅಪರಾಧ. ಕೇಳಿಕೊಂಡು ಹೋದವರಿಗೂ ಮೂರು ವರ್ಷದವರೆಗೆ ಜೈಲು ಆಗಬಹುದು. ಹೆಂಗಸನ್ನು ಗಂಡನೋ ಮನೆಯವರೋ ಒತ್ತಾಯ ಮಾಡಿ ಕರೆತಂದಿದ್ದಾರೆ ಎಂದೇ, ಬೇರೆ ರುಜುವಾತು ಸಿಗುವ ತನಕ, ಕಾನೂನು ಭಾವಿಸುತ್ತದೆ. 2022ರಲ್ಲಿ ಬೆಳಗಾವಿ ಜಿಲ್ಲೆಯ ಮೂಡಲಗಿಯ ಹಳ್ಳದಲ್ಲಿ ಭ್ರೂಣಗಳು ಸಿಕ್ಕ ಸುದ್ದಿ ನಿಮ್ಮ ಭಾಗದವರು ಯಾರೂ ಮರೆತಿರಲಾರರು.

ಅತ್ತೆಯವರ ಚಿಂತೆ ಹೊಲದ್ದು ಎಂದೂ ಬರೆದಿದ್ದೀರಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಖಚಿತ ಮಾಡಿದೆ. ಗಂಡುಮಗ ಇಲ್ಲದಿದ್ದರೂ ಕಬ್ಬಿನ ಹೊಲದಲ್ಲಿ ನಿಮ್ಮ ಮೂವರು ಹೆಣ್ಣುಮಕ್ಕಳಿಗೆ ಹಕ್ಕಿದ್ದೇ ಇದೆ.

ನಾಲ್ಕನೆಯದು ಬೇಕೋ ಬೇಡವೋ ನಾನು ಹೇಳಲಾರೆ. ಬೇಕೆನಿಸಿದರೆ ಗಂಡಾದರೂ ಹೆಣ್ಣಾದರೂ ಬೇಕು ಎಂಬ ಮನಸ್ಸಿನಿಂದ ಹಡೆಯಿರಿ. ಬೇಡವೆನಿಸಿದರೆ, ಆಪರೇಷನ್‌ಗೆ ಗಂಡನ ಸಹಿ ಕಡ್ಡಾಯವಲ್ಲ. ಬರೀ ನಿಮ್ಮ ಒಪ್ಪಿಗೆ ಸಾಕು, ಅದಿಲ್ಲದೆ ಯಾರೂ ಮುಟ್ಟುವ ಹಾಗೂ ಇಲ್ಲ. ಅಂದ ಹಾಗೆ ಗಂಡಸರ ಆಪರೇಷನ್ ಹೆಂಗಸರದಕ್ಕಿಂತ ಸಣ್ಣದು. ಹೊಲಿಗೆ ಹಾಕದೆ ಮಾಡುತ್ತಾರೆ, ಅವತ್ತೇ ಮನೆಗೆ ಬರಬಹುದು. ಲೆಕ್ಕದಲ್ಲಿ ಇಷ್ಟು ಆಸಕ್ತಿ ಇರುವ ಯಜಮಾನರಿಗೆ ಇದನ್ನೂ ಒಮ್ಮೆ ಓದಿ ಹೇಳಿ.