ಬಿಲ್‌ನಲ್ಲಿ ಒಂದು ಸೈಜು, ಗಾಡಿಯಲ್ಲಿ ಇನ್ನೊಂದು

ಪ್ರಶ್ನೆ: ಮಳೆಗಾಲ ಶುರುವಾಗುವ ಮೊದಲು ಕಲಬುರಗಿಯ ಒಂದು ಕಾರ್ ಶೋರೂಂನ ಸರ್ವಿಸ್ ಸೆಂಟರ್‌ನಲ್ಲಿ ನಾಲ್ಕೂ ಟೈರ್ ಹೊಸದು ಹಾಕಿಸಿದೆ. ಆಮೇಲೆ ಬೀದರ್‌ಗೆ ಹೋಗುವಾಗ ಹುಮನಾಬಾದ್ ದಾಟಿ ಮಳೆ ಹಿಡಿಯಿತು. ಬ್ರೇಕ್ ಒತ್ತಿದರೆ ಗಾಡಿ ಜಾರಿದಂಗಾಯಿತು. ಒಳಗೆ ಗುಂಯ್ ಅನ್ನೋ ಸದ್ದು ಬೇರೆ. ಅಲೈನ್‌ಮೆಂಟ್ ಅಂಗಡಿಗೆ ಒಯ್ದರೆ ಅಲ್ಲಿನ ಹುಡುಗ ತೋರಿಸಿದ: ಮುಂದಿನ ಎಡ ಟೈರಿನ ಬಾಣದ ಗುರುತು ಉಲ್ಟಾ ಇದೆ, ಹಿಂದಿನ ಎರಡೂ ಟೈರಿನ ಮೇಲೆ 185/60 ಆರ್15 84 ಎಂದಿದೆ. ಬಿಲ್‌ನಲ್ಲಿ ಮಾತ್ರ ನಾಲ್ಕೂ 185/65 ಆರ್15 88. ಶೋರೂಂನಲ್ಲಿ ಕೇಳಿದರೆ ಅಡ್ವೈಸರ್ "ಏನ್ ಫರಕ್ ಬೀಳಂಗಿಲ್ರಿ ಸರ, ಓಡಸ್ರಿ, ಸರಿ ಆಗ್ತದ" ಅಂದ. ಮ್ಯಾನೇಜರ್ ಹೇಳೋದು: 1,800 ಕಿ.ಮೀ. ಓಡಿಸಿದ್ದೀರಿ, ಗೇಟ್ ಪಾಸ್‌ಗೆ ಸಹಿ ಹಾಕಿದ್ದೀರಿ, ಹೊರಗಿನ ಅಂಗಡಿಯವರೂ ಕೈ ಹಚ್ಚಿದ್ದಾರೆ, ಬೇಕಿದ್ದರೆ ಟೈರ್ ಕಂಪನಿಗೆ ಕ್ಲೇಮ್ ಕಳಿಸೋಣ. ನಾಲ್ಕೂ ಹೊಸ ಟೈರ್ ಮತ್ತು 2 ಲಕ್ಷ ರೂಪಾಯಿ ಪರಿಹಾರ ಕೇಳಬಹುದೇ?
– ಓದುಗರು, ಕಲಬುರಗಿ

ಉತ್ತರ: ಮೊದಲನೆಯದಾಗಿ, ಆ ಕ್ಲೇಮ್ ಫಾರ್ಮ್‌ಗೆ ಸಹಿ ಹಾಕಬೇಡಿ. ಹಾಕಿದ್ದರೆ, "ನನ್ನ ದೂರು ಟೈರಿನ ಗುಣಮಟ್ಟದ ಬಗ್ಗೆ ಅಲ್ಲ, ಬೇರೆ ಸೈಜು ಹಾಕಿದ್ದು ಮತ್ತು ಉಲ್ಟಾ ಹಾಕಿದ್ದರ ಬಗ್ಗೆ" ಎಂದು ಇವತ್ತೇ ಇಮೇಲ್ ಮಾಡಿ.

ನಿಮ್ಮ ಜಗಳದ ಕೀಲಿ ಇಲ್ಲೇ ಇದೆ. ಟೈರ್ ಕಂಪನಿಯ ಇನ್‌ಸ್ಪೆಕ್ಟರ್ ನೋಡುವುದು ಒಂದನ್ನೇ: ಟೈರ್ ತಯಾರಿಕೆಯಲ್ಲಿ ದೋಷ ಇದೆಯೇ? ನಿಮ್ಮ ಟೈರಿನಲ್ಲಿ ಇಲ್ಲ. ಅವನು ಪ್ರಾಮಾಣಿಕವಾಗಿಯೇ "ದೋಷವಿಲ್ಲ" ಎಂದು ಬರೆದು ಹೋಗುತ್ತಾನೆ. ನಾಳೆ ಡೀಲರ್ ಅದೇ ಕಾಗದವನ್ನು ನಿಮ್ಮ ಮುಂದೆ ಹಿಡಿಯುತ್ತಾನೆ. ತಪ್ಪು ಆಗಿರುವುದು ಕಾರ್ಖಾನೆಯಲ್ಲಿ ಅಲ್ಲ, ಸರ್ವಿಸ್ ಸೆಂಟರ್‌ನ ಸ್ಟೋರ್‌ನಲ್ಲಿ ಮತ್ತು ಟೈರ್ ಬಿಚ್ಚುವ ಮಷೀನ್ ಹತ್ತಿರ. ದೂರು ಅಲ್ಲೇ ನಿಲ್ಲಬೇಕು, ಬೇರೆ ಊರಿಗೆ ಹೋಗಬಾರದು.

ಈಗ ಗಾಡಿಯ ಹತ್ತಿರ ಹೋಗಿ ಡ್ರೈವರ್ ಬಾಗಿಲು ತೆರೆಯಿರಿ. ಬಾಗಿಲ ಕಂಬದ ಮೇಲೆ ಒಂದು ಸ್ಟಿಕರ್ ಇರುತ್ತದೆ. ಆ ಕಾರಿಗೆ ಕಂಪನಿ ಹೇಳಿರುವ ಟೈರ್ ಸೈಜು ಮತ್ತು ಗಾಳಿಯ ಪ್ರಮಾಣ ಅದರಲ್ಲಿದೆ. ಅದು ನಿಮ್ಮ ಬಿಲ್‌ಗೆ ಹೊಂದಿದರೆ ಅರ್ಧ ಕೇಸು ಗೆದ್ದಂತೆ. 185 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 65 ಅಂದರೆ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 65. ಆರ್ ಅಂದರೆ ರೇಡಿಯಲ್, 15 ರಿಮ್‌ನ ಅಂಗುಲ. ಲೆಕ್ಕ ಹಾಕಿದರೆ ಮುಂದಿನ ಟೈರ್ ಸುಮಾರು 621 ಮಿ.ಮೀ. ವ್ಯಾಸ, ಹಿಂದಿನವು 603. ಮುಕ್ಕಾಲು ಅಂಗುಲದಷ್ಟು ವ್ಯತ್ಯಾಸ. ರಿಮ್ ಒಂದೇ ಆದ್ದರಿಂದ ಕೂಡುತ್ತದೆ, ಅಷ್ಟರಮಟ್ಟಿಗೆ ಅಡ್ವೈಸರ್ ಹೇಳಿದ್ದು ಸುಳ್ಳಲ್ಲ. ಆದರೆ ಹಿಂದಿನ ಚಕ್ರಗಳು ಮುಂದಿನವಕ್ಕಿಂತ ಸದಾ ಶೇ 3ರಷ್ಟು ಜೋರಾಗಿ ಸುತ್ತುತ್ತವೆ. ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ, ಪ್ರತಿ ಚಕ್ರದ ವೇಗವನ್ನು ಓದಿ ಕೆಲಸ ಮಾಡುವ ಎಬಿಎಸ್‌ಗೆ ಇಂಥ ಗಾಡಿಯಲ್ಲಿ ಗೊಂದಲ ಆಗಬಹುದು.

ಕೊನೆಯ ಆ ಸಂಖ್ಯೆಯನ್ನು ಜನ ನೋಡುವುದೇ ಇಲ್ಲ. ನನ್ನ ಪ್ರಕಾರ ನಿಮ್ಮ ಕೇಸಿನಲ್ಲಿ ಅದೇ ಎಲ್ಲಕ್ಕಿಂತ ಗಟ್ಟಿ. 88 ಎಂದರೆ ಒಂದು ಟೈರ್ 560 ಕೆ.ಜಿ. ಹೊರುತ್ತದೆ, 84 ಎಂದರೆ 500 ಕೆ.ಜಿ. ಎರಡು ಟೈರ್ ಸೇರಿ ಹಿಂದಿನ ಆಕ್ಸಲ್‌ಗೆ 120 ಕೆ.ಜಿ. ಕಡಿಮೆ. ಹಿಂದಿನ ಸೀಟಿಗೆ ಮೂರು ಜನ, ಡಿಕ್ಕಿ ತುಂಬಾ ಸಾಮಾನು ಹಾಕಿಕೊಂಡು, ನಮ್ಮ ಭಾಗದ ಮೇ ಬಿಸಿಲಿನಲ್ಲಿ, 40 ಡಿಗ್ರಿ ದಾಟಿದ ಡಾಂಬರಿನ ಮೇಲೆ ಓಡುವ ಗಾಡಿಗೆ ಇದು "ಫರಕ್ ಬೀಳಂಗಿಲ್ಲ" ಅನ್ನುವ ವಿಷಯ ಅಲ್ಲ.

ಬಾಣದ ಮಾತು ಬೇರೆ. ಒಂದೇ ದಿಕ್ಕಿಗೆ ಸುತ್ತಬೇಕಾದ ಟೈರಿನ ಗೀರುಗಳು ನೀರನ್ನು ನಡುವಿನಿಂದ ಪಕ್ಕಕ್ಕೆ ತಳ್ಳುವಂತೆ ಕೊರೆದಿರುತ್ತವೆ. ಉಲ್ಟಾ ಹಾಕಿದರೆ ಆ ಕೆಲಸ ಕೆಡುತ್ತದೆ. ನಿಂತ ನೀರಿನ ಮೇಲೆ ಟೈರ್ ತೇಲಿದಂತಾಗುವ ಭಯ ಹೆಚ್ಚು. ಒಣ ರಸ್ತೆಯಲ್ಲಿ ಸದ್ದು ಬಿಟ್ಟರೆ ಅಷ್ಟಾಗಿ ಗೊತ್ತಾಗುವುದಿಲ್ಲ. ಹಾಗಾಗಿಯೇ ಸೇಡಂ ರಸ್ತೆಯಲ್ಲಿ ಒಂದು ಸುತ್ತು ಟೆಸ್ಟ್ ಡ್ರೈವ್ ಮಾಡಿ "ಗಾಡಿ ಛಲೋ ಅದ" ಅನ್ನುತ್ತಾರೆ. ಈ ತಪ್ಪು ಆಗುವ ರೀತಿ ಸರಳ: ರಿಮ್‌ಗಳನ್ನು ಸಾಲಾಗಿ ಮಷೀನ್ ಮೇಲೆ ಇಟ್ಟು ಎಲ್ಲ ಟೈರನ್ನೂ ಒಂದೇ ಮುಖಕ್ಕೆ ಏರಿಸುತ್ತಾರೆ, ಎಡಕ್ಕೆ ಯಾವುದು ಬಲಕ್ಕೆ ಯಾವುದು ಎಂದು ನೋಡುವುದಿಲ್ಲ. ಸರಿಮಾಡುವುದಕ್ಕೆ ಟೈರನ್ನು ರಿಮ್‌ನಿಂದ ಬಿಚ್ಚಿ ತಿರುಗಿಸಿ ಮತ್ತೆ ಬ್ಯಾಲೆನ್ಸ್ ಮಾಡಿದರೆ ಆಯಿತು.

ಇಲ್ಲಿ ನಿಮಗೆ ಇಷ್ಟವಾಗದ ಒಂದು ಮಾತು ಹೇಳಬೇಕು. ನಾಲ್ಕೂ ಹೊಸ ಟೈರ್ ಕೇಳುವುದು ನ್ಯಾಯ ಅಲ್ಲ. ಹಿಂದಿನ ಎರಡು ಬದಲಾಗಲೇಬೇಕು, ಅದೂ ಸವೆತ ಎಂದು ಒಂದು ಪೈಸೆ ಹಿಡಿಯದೆ. ನೀವು ದುಡ್ಡು ಕೊಟ್ಟ ಮಾಲು ನಿಮಗೆ ಬಂದೇ ಇಲ್ಲ. ಮುಂದಿನ ಎಡ ಟೈರ್ ತಿರುಗಿಸಬೇಕು. ಅದು ಆಗಲೇ ಓರೆಯಾಗಿ ಸವೆದಿದ್ದರೆ ಮಾತ್ರ ಅದರ ಬದಲಿ ಕೇಳಿ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಉಚಿತ, ಹೊರಗಿನ ಅಂಗಡಿಯ ಬಿಲ್ ವಾಪಸ್, ಓಡಾಟಕ್ಕೂ ತೊಂದರೆಗೂ ಒಂದು ಮಿತವಾದ ಮೊತ್ತ. 2 ಲಕ್ಷ ಎಂದು ಬರೆದರೆ ಗ್ರಾಹಕ ಆಯೋಗದವರ ಕಣ್ಣು ಟೈರಿನ ಮೇಲಿಂದ ನಿಮ್ಮ ಆಸೆಯ ಮೇಲೆ ಹೋಗುತ್ತದೆ.

ಸಾಕ್ಷಿ ಇರುವುದು ಗಾಡಿಯ ಮೇಲೆಯೇ. ಡೀಲರ್ ಮರ್ಯಾದೆಯಿಂದ "ಬಿಟ್ಟು ಹೋಗ್ರಿ, ನೋಡ್ತೀವಿ" ಅಂದ ದಿನ ಅದು ಮಾಯವಾಗಬಹುದು. ಅದಕ್ಕೂ ಮೊದಲು ನಾಲ್ಕೂ ಟೈರಿನ ಸೈಜು, ಬಾಣ, ಮತ್ತು ಡಿಒಟಿ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ಕಾಣುವಂತೆ ಫೋಟೊ ತೆಗೆಯಿರಿ. ಆ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 1424 ಎಂದರೆ 2024ರ 14ನೇ ವಾರ. ನಂಬರ್ ಪ್ಲೇಟಿನಿಂದ ಶುರುಮಾಡಿ ಟೈರಿನವರೆಗೆ ನಿಲ್ಲಿಸದೆ ಒಂದು ವಿಡಿಯೊ ಮಾಡಿ, ಇಲ್ಲದಿದ್ದರೆ "ಇದು ಯಾರ ಗಾಡಿ" ಎಂಬ ಪ್ರಶ್ನೆ ಬರುತ್ತದೆ. ಬಾಗಿಲ ಸ್ಟಿಕರ್, ಓಡೊಮೀಟರ್, ಬಿಲ್, ಜಾಬ್ ಕಾರ್ಡ್ (ಗಾಡಿಗೆ ಏನು ಕೆಲಸ ಎಂದು ಸರ್ವಿಸ್ ಸೆಂಟರ್‌ನವರು ಬರೆಯುವ ಕಾಗದ) ಕೂಡ ಇರಲಿ. ಸರಿಹೋಗುವವರೆಗೆ ಊರೊಳಗೆ ಮಾತ್ರ, ನಿಧಾನಕ್ಕೆ ಓಡಿಸಿ. ಮಳೆಯಲ್ಲಿ ಹೆದ್ದಾರಿ ಬೇಡ. ಕಾಯಲಾಗದೆ ಬೇರೆ ಕಡೆ ಬದಲಾಯಿಸಿದರೆ ಹಳೆ ಟೈರ್ ಅಂಗಡಿಗೆ ಮಾರಬೇಡಿ, ಮನೆಯಲ್ಲಿ ಇಟ್ಟುಕೊಳ್ಳಿ.

ಮ್ಯಾನೇಜರ್ ಹೇಳಿದ ಕಾರಣಗಳಲ್ಲಿ ಒಂದೂ ನಿಲ್ಲುವುದಿಲ್ಲ. ಗೇಟ್ ಪಾಸ್ ಸಹಿ ಗಾಡಿ ಕೈಗೆ ಬಂತು ಎನ್ನುವುದಕ್ಕೆ. ಕಾಣದ ತಪ್ಪನ್ನು ಮನ್ನಿಸಿದೆ ಎನ್ನುವುದಕ್ಕೆ ಅಲ್ಲ. 1,800 ಕಿ.ಮೀ. ಓಡಿಸದಿದ್ದರೆ ತಪ್ಪು ಗೊತ್ತಾಗುವ ಬಗೆಯಾದರೂ ಯಾವುದು? ಹೊರಗಿನವರು ಕೈ ಹಚ್ಚಿದ್ದು ಅಲೈನ್‌ಮೆಂಟ್‌ಗೆ. ಅಲೈನ್‌ಮೆಂಟ್‌ನಲ್ಲಿ ಯಾರೂ ಟೈರನ್ನು ರಿಮ್‌ನಿಂದ ಬಿಚ್ಚುವುದಿಲ್ಲ. ಆ ಅಂಗಡಿಯ ಬಿಲ್ ಮೇಲೆ ಏನು ಕೆಲಸ ಮಾಡಿದರು, ಏನು ಕಂಡರು ಎಂದು ಎರಡು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ.

ನಂತರ ವರ್ಕ್ಸ್ ಮ್ಯಾನೇಜರ್ ಹೆಸರಿಗೆ ಒಂದು ಪುಟದ ಪತ್ರ. ಬೈಗುಳ, ಬೇಜಾರು ಬೇಡ. ಬಿಲ್ ನಂಬರ್, ಬಿಲ್‌ನಲ್ಲಿರುವ ಸೈಜು, ಗಾಡಿಯಲ್ಲಿರುವ ಸೈಜು, ಏನು ಬೇಕು, 15 ದಿನದ ಗಡುವು. ಜೊತೆಗೆ ಒಂದು ಪ್ರಶ್ನೆ ಸೇರಿಸಿ: ನನ್ನ ಜಾಬ್ ಕಾರ್ಡ್‌ಗೆ ಸ್ಟೋರ್‌ನಿಂದ ಯಾವ ಸೈಜಿನ ಟೈರ್ ಕೊಟ್ಟಿದ್ದೀರಿ, ಅದರ ದಾಖಲೆ ಕೊಡಿ. ಉತ್ತರ ಕೊಟ್ಟರೂ ಕೊಡದಿದ್ದರೂ ನಿಮಗೇ ಲಾಭ. ಪತ್ರ ಸ್ಪೀಡ್ ಪೋಸ್ಟ್‌ನಲ್ಲಿ, ಇಮೇಲ್ ಪ್ರತಿ ಕಾರ್ ಕಂಪನಿಯ ಗ್ರಾಹಕ ವಿಭಾಗಕ್ಕೆ. ಬಹಳಷ್ಟು ಜಗಳ ಈ ಇಮೇಲ್‌ಗೇ ಮುಗಿಯುತ್ತದೆ. ಡೀಲರ್ ನಿಮಗಿಂತ ಕಂಪನಿಯ ಏರಿಯಾ ಮ್ಯಾನೇಜರ್‌ಗೆ ಹೆಚ್ಚು ಹೆದರುತ್ತಾನೆ. ಬಿಲ್ ಆಗಿ 30 ದಿನ ದಾಟಿಲ್ಲದಿದ್ದರೆ ಬೇಗ ಕಳಿಸಿ: ಬಿಲ್‌ನಲ್ಲಿ ಬೇರೆ ಅವಧಿ ಇಲ್ಲದಿದ್ದಾಗ, 30 ದಿನದೊಳಗೆ ದೋಷವಿರುವ ಮಾಲು ವಾಪಸ್ ತೆಗೆದುಕೊಳ್ಳಲು ನಿರಾಕರಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದು ಎಣಿಸುತ್ತದೆ.

ಅದಕ್ಕೂ ಜಗ್ಗದಿದ್ದರೆ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಮಾತಾಡಿಸಿ ಬಗೆಹರಿಸುತ್ತಾರೆ, ಆದೇಶ ಕೊಡುವ ಅಧಿಕಾರ ಇಲ್ಲ. ಆದೇಶ ಬೇಕಾದರೆ ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ವಕೀಲರೇ ಬೇಕೆಂದಿಲ್ಲ, ಎರಡು ವರ್ಷದೊಳಗೆ ಹಾಕಬೇಕು, ಆನ್‌ಲೈನ್‌ನಲ್ಲೂ ಹಾಕಬಹುದು. ಪರೀಕ್ಷೆ ಬೇಡದ ಪ್ರಕರಣ ಮೂರು ತಿಂಗಳಲ್ಲಿ, ಲ್ಯಾಬ್ ಪರೀಕ್ಷೆ ಬೇಕಾದದ್ದು ಐದು ತಿಂಗಳಲ್ಲಿ ಮುಗಿಯಬೇಕು ಎಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಎಳೆಯುತ್ತದೆ ಅನ್ನಿ. ಆದರೂ ನಿಮ್ಮದು ಲ್ಯಾಬಿಗೆ ಹೋಗುವ ಕೇಸೇ ಅಲ್ಲ. ಬಿಲ್ ಓದಲು ಬಂದರೆ ಟೈರೂ ಓದಲು ಬರುತ್ತದೆ. ಟೈರ್ ಕಂಪನಿಯನ್ನು ಎದುರುದಾರರನ್ನಾಗಿ ಮಾಡಬೇಡಿ. ಅವರ ತಪ್ಪಿಲ್ಲ, ನೋಟಿಸ್ ಹೋಗಿ ಬರುವುದಕ್ಕೇ ದಿನ ಹೋಗುತ್ತವೆ.

ನಡುವೆ ಡೀಲರ್ ಒಪ್ಪಿ ಬದಲಾಯಿಸಲು ಕರೆದರೆ ಹೋಗಿ. ಆದರೆ ಹೊಸ ಜಾಬ್ ಕಾರ್ಡ್ ಮಾಡಿಸಿ, ಅದರಲ್ಲಿ ತೆಗೆದ ಟೈರಿನ ಸೈಜು, ಹಾಕಿದ ಟೈರಿನ ಸೈಜು ಎರಡೂ ಬರೆಸಿ, ಗೇಟು ದಾಟುವ ಮೊದಲು ಬಗ್ಗಿ ನಾಲ್ಕೂ ಬಾಣ ನೋಡಿ.

ಪ್ರಶ್ನೆ: ಬಿಲ್ ಬೇಡ ಅಂದರೆ ಕಮ್ಮಿಗೆ ಕೊಡ್ತೀನಿ ಅಂದಿದ್ದಕ್ಕೆ ಅಂಗಡಿಯಲ್ಲಿ ಎರಡು ಟೈರ್ ಹಾಗೇ ತಗೊಂಡೆ. ಒಂದರ ಸೈಜು ಬೇರೆ. ಈಗ ದೂರು ಕೊಡಲು ಬರುತ್ತದಾ?
– ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಬರುತ್ತದೆ. ಬಿಲ್ ಕೊಡದಿರುವುದೂ ಅದೇ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಯೇ. ಫೋನಿನಿಂದ ದುಡ್ಡು ಹಾಕಿದ್ದರೆ ಆ ದಾಖಲೆ, ಅಂಗಡಿಯವನ ಜೊತೆಗಿನ ವಾಟ್ಸ್ಆ್ಯಪ್ ಮಾತು ಜೋಪಾನ ಮಾಡಿ. ನಗದು ಕೊಟ್ಟಿದ್ದರೆ ಕಷ್ಟ. ಅಂಗಡಿಗೆ ಹೋಗಿ, ಉಳಿದ ತೆರಿಗೆ ಕಟ್ಟುತ್ತೇನೆ ಬಿಲ್ ಮಾಡಿಕೊಡಿ ಎಂದು ಬರಹದಲ್ಲಿ ಕೇಳುವುದರಿಂದ ಶುರುಮಾಡಿ.